ಹೆಗಲ ಮೇಲಿನ ಕೈ

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ, ಅಕ್ಕ ಮಾಡುವ ಆಶೀರ್ವಾದ.

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಯಾಕೆ ಅಂತ ನಗಬೇಡ. ಎದುರಿಗೆ ಬಂದರೆ ನೀನು ಮಾತಲ್ಲಿ ನನ್ನನ್ನು ಸೋಲಿಸಿಬಿಡುತ್ತೀಯ, ಚಿಕ್ಕಂದಿನಿಂದಲೂ ಅಷ್ಟೇ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನೀನು ಸೇವಾ ಸಂಘದ ಅಧ್ಯಕ್ಷೆಯಾದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ರೋಗಿಗಳಿಗೆ ಕೊಡುವ ಗಾಲಿಕುರ್ಚಿಗಳ ಸೀಟು ಹರಿದಾಗೆಲ್ಲ ನನ್ನ ಹೊಲಿಗೆ ಮಿಷನ್ನಿಗೇ ಬರುತ್ತಿದ್ದವು. ಅದರಲ್ಲೊಂದು ನಮ್ಮ ಮನೆಯೊಳಗೇ ಬಂದು ನಿಲ್ಲುತ್ತದೆ ಅಂತ ಯಾರು ಎಣಿಸಿದ್ದರು? ಇಡೀ ಊರನ್ನು ಬಸ್ಸಿನಲ್ಲಿ ಸುತ್ತಿಸಿದ ನಿನ್ನ ಭಾವ, ಲಕ್ವ ಹೊಡೆದ ಮೇಲೆ ಹೊಸ್ತಿಲು ದಾಟಲಿಲ್ಲ. ಕುರ್ಚಿಯೂ ಬೇಡ ಅಂತ ಹಟ ಹಿಡಿದರು. ಒಪ್ಪಿಸಿದವಳು ನೀನೇ. ಭಾವಾ, ಇನ್ಮೇಲೆ ನಾನು ಡ್ರೈವರು, ನೀವು ಪ್ಯಾಸೆಂಜರು, ಚಿಲ್ಲರೆ ಇಟ್ಕೊಂಡು ಹತ್ತಿ ಅಂದೆ. ಅವರು ನಕ್ಕುಬಿಟ್ಟರು. ನಿನ್ನ ಜೊತೆ ಬಂದಿದ್ದ ಕಾರ್ಯದರ್ಶಿ ಆಗಲೇ ಫೋಟೊ ತೆಗೆದದ್ದು. ಇದು ಡಿಪೋದವರ ಕಣ್ಣಿಗೆ ಬೀಳೋದು ಬೇಡಮ್ಮಾ ಅಂತ ನಿನ್ನ ಭಾವ ಕೇಳಿಕೊಂಡರು. ಮನೇಲಿ ಇಟ್ಕೊಳ್ಳೋಕೆ ಭಾವಾ, ನಾನೇನು ಹೊರಗಿನವಳಾ ಅಂದೆ ನೀನು.

ನಿನ್ನೆ ಬೆಳಿಗ್ಗೆ ಅವರಾಗಿಯೇ, ನಡಿ, ಕಟಿಂಗ್ ಮಾಡಿಸ್ಕೊಂಡು ಬರೋಣ ಅಂದರು. ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಸಿಕೊಂಡರು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ ನಿಲ್ದಾಣದ ತಿರುವಿನಲ್ಲಿ, ಗೋಡೆಯಷ್ಟು ಅಗಲದ ಬ್ಯಾನರ್ ಕಂಡಿತು, ಅದರಲ್ಲಿ ಅದೇ ಫೋಟೊ. ‘ಅಸಹಾಯಕ ಬಡರೋಗಿಗೆ ಗಾಲಿಕುರ್ಚಿ ದಾನ.’ ಅದರ ಕೆಳಗೇ ಇವರ ಹಳೆಯ ಕಂಡಕ್ಟರು ಚಹಾ ಕುಡಿಯುತ್ತ ನಿಂತಿದ್ದರು. ನಮ್ಮನ್ನು ಕಂಡವರೇ ಲೋಟದೊಳಗೆ ಕಣ್ಣು ನೆಟ್ಟರು. ನಿನ್ನ ಭಾವ ಪೂರ್ತಿ ಓದಿ, ಗಾಡಿ ತಿರುಗಿಸು ಅಂದರು. ಮನೆಗೆ ಬಂದು, ಇಳಿಸು ಅಂದರು. ಆಮೇಲೆ ಕುರ್ಚಿಯನ್ನು ಮುಟ್ಟಿಲ್ಲ.

ಯಾರೋ ತಿಳಿಯದವರು ಹಾಕಿಸಿರಬೇಕು ಅಂತ ನಿನ್ನ ಪರ ನಾನೇ ವಕೀಲಿಕೆ ಮಾಡಿಕೊಂಡೆ. ಸಂಜೆ ಒಬ್ಬಳೇ ಹೋಗಿ ಮತ್ತೆ ನೋಡಿದೆ. ಆ ದಿನ ಕುರ್ಚಿಯ ಆಚೆ ನೀನು, ಈಚೆ ನಾನು ನಿಂತಿದ್ದೆವಲ್ಲ? ಬ್ಯಾನರಿನಲ್ಲಿ ನಾನಿಲ್ಲ. ಅವರ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿದಿದೆ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ನನ್ನ ತಗಡಿನ ಟೊಪ್ಪಿಗೆಯ ಸಮೇತ. ಕಾರ್ಯದರ್ಶಿಯನ್ನೇ ಕೇಳಿದೆ. ಪಾಪ, ಇದ್ದದ್ದನ್ನು ಹೇಳಿದರು: ಸಂಘದವರ ಮನೆಗೇ ಕೊಟ್ಟಿದ್ದು ಅಂತ ಗೊತ್ತಾದ್ರೆ ಚೆನ್ನಾಗಿರಲ್ಲ, ಅಕ್ಕನ್ನ ಕತ್ತರಿಸಿ ಅಂದ್ರು ಅಧ್ಯಕ್ಷರು, ರೋಗಿ ನಗ್ತಿರೋ ಫೋಟೊ ಬೇರೆ ಇರಲಿಲ್ಲವಂತೆ.

ನಾನು ಬಟ್ಟೆ ಕತ್ತರಿಸಿಯೇ ಬದುಕಿದವಳು, ಗುಬ್ಬಿ. ಕೈತಪ್ಪಿ ಹೋದ ಕತ್ತರಿ ಯಾವುದು, ಗುರುತು ಹಾಕಿಕೊಂಡು ನಡೆಸಿದ್ದು ಯಾವುದು, ನನಗೆ ಕಂಡೇ ಕಾಣುತ್ತದೆ. ತಿಳಿಯದೆ ಮಾಡಿದ್ದರೆ ನೀನು ನನ್ನನ್ನೂ ಅಲ್ಲೇ ಬಿಟ್ಟಿರುತ್ತಿದ್ದೆ.

ರಿಪೇರಿಗೆ ಬಂದಿದ್ದ ಸೀಟುಗಳನ್ನು ಹೊಲಿದು ಕಳಿಸಿದ್ದೇನೆ, ಕಾಯುತ್ತಿರುವ ರೋಗಿಗಳದ್ದೇನು ತಪ್ಪು? ನಮ್ಮ ಕುರ್ಚಿಯೂ ಜೊತೆಗೇ ಬರುತ್ತಿದೆ. ಬೇಕಾದವರಿಗೆ ಕೊಡು. ಕೊಡುವಾಗ ಕ್ಯಾಮೆರಾ ಸಂಘದಲ್ಲೇ ಬಿಟ್ಟು ಹೋಗು. ಬ್ಯಾನರ್ ಇಳಿಸು ಅಂತ ನಾನು ಬೇಡುವುದಿಲ್ಲ, ನಿನಗೇ ಅನ್ನಿಸಬೇಕು. ಸ್ವಲ್ಪ ದಿನ ಈ ಕಡೆ ಬರಬೇಡ. ಬಂದರೆ ನಾನು ಬಾಗಿಲು ತೆಗೆದುಬಿಡುತ್ತೇನೆ, ನನಗೆ ಅದೇ ಭಯ.

ಓಡಾಟದಲ್ಲಿ ಊಟ ಬಿಡಬೇಡ.

ಇಂತಿ,
ನಿನ್ನ ಅಕ್ಕ

ತಾ.ಕ.: ನಾಚಿಕೆ ಬಿಟ್ಟು ಒಂದು ಕೇಳುತ್ತೇನೆ. ಆ ಫೋಟೊದ ಒಂದು ಪ್ರತಿ, ಬರಹವಿಲ್ಲದ್ದು, ಕಾರ್ಯದರ್ಶಿಯ ಕೈಲಿ ಕೊಟ್ಟು ಕಳಿಸು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅದೊಂದೇ ಸಲ. ನಿನ್ನನ್ನು ಕತ್ತರಿಸಿ ಕಳಿಸಬೇಡ. ಅವರು ನಗುತ್ತಿರುವುದು ನಿನ್ನ ಮುಖ ನೋಡಿ.