ರಕ್ತ ಕೊಡಲು ಹೊರಟವಳಿಗೆ

ಎರ್ಮಿನಿಯಾ,

ಈ ಕಾಗದವನ್ನು ನೀನು ಓದಲಾರೆ. ನಿನ್ನ ಭಾಷೆಯಲ್ಲಿ ಬರೆಯೋಣವೆಂದರೆ ನನಗೆ ಅದರ ಬರವಣಿಗೆ ಒಲಿದಿಲ್ಲ, ಕಿವಿಯಿಂದ ಕಲಿತದ್ದು. ಅಲ್ಲದೆ ಆ ಭಾಷೆಯಲ್ಲಿ ನಿನಗೆ ಸುಳ್ಳು ಹೇಳಿದ್ದೇನೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಂಟ್‌ನ ಆ ಗೋದಾಮಿಗೆ, ಸೊಪ್ಪು ತರಕಾರಿ ಹೆಚ್ಚಿ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದಾಗ ನನಗೆ ನಲವತ್ತೈದು. ನನ್ನ ಕನ್ನಡ ಎಂ.ಎ.ಗೆ ಇಲ್ಲಿ ಬೇರೆ ಕೆಲಸ ಸಿಕ್ಕಿರಲಿಲ್ಲ. ತರಕಾರಿ ಸಾಗುವ ಬೆಲ್ಟಿನ ಎರಡೂ ಬದಿ ನಿಂತ ಹದಿನಾಲ್ಕು ಹೆಂಗಸರೂ ಸ್ಪ್ಯಾನಿಷ್ ಮಾತಾಡುವವರು. ಮೊದಲ ತಿಂಗಳು ಮೂಕಿಯಂತೆ ಇದ್ದೆ. ನೀನು ಪಕ್ಕದಲ್ಲಿ ನಿಂತು ಕ್ಯಾರೆಟ್ ಎತ್ತಿ ಹಿಡಿದು ಹೆಸರು ಹೇಳಿಸಿದೆ. ಆಮೇಲೆ ಚಾಕು, ಚಳಿ, ಸೊಂಟನೋವು, ಗಂಡ. ನಾನು ತಪ್ಪಿದರೆ ಒದ್ದೆ ಗ್ಲೌಸಿನ ಕೈಯಿಂದ ನನ್ನ ಮೊಣಕೈಗೆ ತಟ್ಟುತ್ತಿದ್ದವಳು ನೀನು. "ನಿನ್ನ ಮಾತು ಕೇಳಿ ಈರುಳ್ಳಿನೇ ಅಳ್ತಿದೆ ನೋಡೇ" ಎಂದು ನೀನು ಅಂದದ್ದು ಅರ್ಥವಾಗಿ ನಾನು ನಕ್ಕ ದಿನ, ಸಾಲಿನವರೆಲ್ಲ ಚಪ್ಪಾಳೆ ತಟ್ಟಿದ್ದರು.

ಮೂರು ವರ್ಷದಲ್ಲಿ ನಿನ್ನ ತಂಗಿ ಅರಾಸೆಲಿಯ ಕಥೆಯೆಲ್ಲ ನನಗೆ ಗೊತ್ತಾಗಿತ್ತು: ಘಟ್ಟದಾಚೆ ಯಾಕಿಮಾದ ತೋಟಗಳಲ್ಲಿ ಸೇಬು ಕೀಳುತ್ತಾಳೆ, ನಿನ್ನ ಕೆಂಪು ಸ್ವೆಟರ್ ಎತ್ತಿಕೊಂಡು ಹೋದವಳು ವಾಪಸ್ಸು ಕೊಟ್ಟಿಲ್ಲ.

ಹೋದ ಅಕ್ಟೋಬರಿನಲ್ಲಿ ಸೂಪರ್‌ವೈಸರ್ ನನ್ನೊಬ್ಬಳನ್ನೇ ಆಫೀಸಿಗೆ ಕರೆದ. ಯಾಕಿಮಾದಿಂದ ಫೋನ್ ಬಂದಿತ್ತು. ತೋಟದ ಕೆಲಸದವರ ವ್ಯಾನ್ ಉರುಳಿ, ಆಸ್ಪತ್ರೆಗೆ ತರುವಷ್ಟರಲ್ಲಿ ಅರಾಸೆಲಿ ತೀರಿಕೊಂಡಿದ್ದಳು. ನಿನ್ನ ಭಾಷೆ ಅವನಿಗೆ ಬಾರದು. "ನೀನೇ ಹೇಳ್ಬಿಡು, ಪ್ಲೀಸ್" ಎಂದ.

ನಾನು ಹೇಳಲಿಲ್ಲ. "ಅರಾಸೆಲಿಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದಾಳೆ. ಹೊರಡು, ನಾನೇ ಕರ್ಕೊಂಡು ಹೋಗ್ತೀನಿ" ಎಂದೆ.

ನಮ್ಮ ಕಡೆ ಹಾಗೇ ಹೇಳುವುದು. ಸಾವಿನ ಸುದ್ದಿಯನ್ನು ದೂರದವರಿಗೆ ಪೂರ್ತಿ ಹೇಳುವುದಿಲ್ಲ. ನನ್ನ ಅಪ್ಪ ಹೋದಾಗ ಪುಟ್ಟಸ್ವಾಮಿ ಭಾವ ಊರಿಂದ ಫೋನ್ ಮಾಡಿ, "ಮಾವನಿಗೆ ಸ್ವಲ್ಪ ಹುಷಾರಿಲ್ಲ ಕಣಮ್ಮ, ಗಾಬರಿ ಬೀಳ್ಬೇಡ, ಹೊರಟು ಬಾ" ಎಂದಿದ್ದರು. ವಿಮಾನ ಬದಲಿಸುವಾಗ ಅಪ್ಪನಿಗೆಂದು ಉಣ್ಣೆಯ ಟೋಪಿ ಕೊಂಡೆ. ಮನೆ ಮುಂದಿನ ಶಾಮಿಯಾನ ಕಂಡಾಗಲೂ ಅದು ಕೈಯಲ್ಲೇ ಇತ್ತು. ಭಾವ ಮಾಡಿದ್ದು ಕರುಣೆ ಎಂದೇ ಇಷ್ಟು ವರ್ಷ ನಂಬಿದ್ದೆ. ನಂಬದಿದ್ದರೆ ಅವರನ್ನು ಕ್ಷಮಿಸಲು ಆಗುತ್ತಿರಲಿಲ್ಲ.

ಎರಡೂವರೆ ಗಂಟೆಯ ದಾರಿ. ಘಟ್ಟ ಹತ್ತುವ ಮೊದಲು ಗ್ಯಾಸ್ ಸ್ಟೇಷನ್‌ನಲ್ಲಿ ನೀನು ಎರಡು ಬಾಳೆಹಣ್ಣನ್ನು ಬಲವಂತದಿಂದ ನುಂಗಿದೆ. "ನಂದೂ ಅವಳದೂ ಒಂದೇ ಗುಂಪಿನ ರಕ್ತ. ಖಾಲಿ ಹೊಟ್ಟೇಲಿ ಹೋದ್ರೆ ತಗೊಳ್ಳಲ್ಲ ಅವರು" ಎಂದು ಅಂಗಿಯ ತೋಳು ಮಡಚಿ ನರ ಒತ್ತಿ ನೋಡಿಕೊಂಡೆ. "ಎದ್ದು ಕೂರ್ಲಿ ಅವಳು, ಮೊದ್ಲು ಆ ಸ್ವೆಟರಿಗೆ ಜಗಳ ತೆಗೀತೀನಿ" ಎಂದು ನಕ್ಕೆ. ಅವಳ ನಂಬರಿಗೆ ನೀನು ನಾಲ್ಕು ಸಲ ಕಾಲ್ ಮಾಡಿದೆ. ನಾನು ರಸ್ತೆಯನ್ನೇ ನೋಡುತ್ತಿದ್ದೆ. "ಡಾಕ್ಟರು ಒಳ್ಳೆಯವರಂತಾ?" ಎಂದು ಕೇಳಿದೆ ನೀನು. ಒಳ್ಳೆಯವರಂತೆ ಎಂದೆ ನಾನು. ಆವತ್ತು ನನ್ನ ಸ್ಪ್ಯಾನಿಷ್‌ನಲ್ಲಿ ಒಂದೂ ತಪ್ಪಿರಲಿಲ್ಲ. ಒಮ್ಮೆಯೂ ನೀನು ನನ್ನ ಮೊಣಕೈ ತಟ್ಟಬೇಕಾಗಲಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ನೀನು ಅಂಗಿಯ ತೋಳು ಮಡಚಿ ಕೈ ಚಾಚಿದೆ. ಅಲ್ಲಿದ್ದವಳು ನಿನ್ನ ಭಾಷೆಯವಳೇ; ಅವಳೇ ಹೇಳಿದಳು. ನೀನು ಮಡಚಿದ ತೋಳನ್ನು ಇಳಿಸಿ, ಗುಂಡಿ ಹಾಕಿಕೊಂಡು, ನನ್ನ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಇಲ್ಲ" ಎಂದೆ ನಾನು. ನೀನು ನನ್ನ ಮುಖವನ್ನೇ ನೋಡಿದೆ. ಅಷ್ಟು ಸಾಕಾಯಿತು ನಿನಗೆ.

ಈಗ ನೀನು ಬೇರೆ ಶಿಫ್ಟು. ಮೊನ್ನೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನೀನು ಬೂಟಿನ ದಾರ ಕಟ್ಟುತ್ತಿದ್ದಾಗ, ಪಕ್ಕದವಳೊಂದಿಗೆ ನಾನು ಬೇಕೆಂದೇ ತಪ್ಪು ತಪ್ಪಾಗಿ ಸ್ಪ್ಯಾನಿಷ್ ಮಾತಾಡಿದೆ, ಜೋರಾಗಿ. ನೀನು ಮೊದಲ ತಿಂಗಳೇ ತಿದ್ದಿದ್ದ ತಪ್ಪು ಅದು. ನಿನ್ನ ಬೆರಳು ದಾರದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಗಂಟು ಬಿಗಿದು ಎದ್ದುಹೋದೆ.

ಗೊತ್ತಿತ್ತು, ಎರ್ಮಿನಿಯಾ. ಹೊರಡುವಾಗಲೇ ಗೊತ್ತಿತ್ತು. ಇಷ್ಟನ್ನು ಹೇಳುವಷ್ಟು ಭಾಷೆಯನ್ನು ನೀನೇ ಕಲಿಸಿದ್ದೀಯೆ. ನಾಳೆ ನಿನ್ನ ಶಿಫ್ಟು ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತೇನೆ. ನೀನು ನಿಲ್ಲದೆ ನಡೆದರೂ ನಿನ್ನ ಬೆನ್ನಿಗೆ ಹೇಳುತ್ತೇನೆ.

ಇನ್ನು ಯಾವ ಕೆಟ್ಟ ಸುದ್ದಿಯೂ ನಿನ್ನತ್ತ ಬಾರದಿರಲಿ. ಬಂದರೆ, ನನ್ನಂಥವಳ ಬಾಯಿಂದ ಬಾರದಿರಲಿ.

ಬೆಲ್ಟಿನ ಬಳಿ ನಿನ್ನ ಪಕ್ಕ ನಿಂತಿದ್ದ,
ಕೌಸಲ್ಯಾ