ಊದದ ಸೀಟಿ

ಭಾನುವಾರ, ಮಧ್ಯಾಹ್ನ

ಅಪ್ಪಾ,

ಬಾಕ್ಸಿಂಗ್ ಜಿಮ್ಮಿನೊಳಗೆ ನೀನು ನನಗೆ ಸರ್, ನಾನು ನಿನಗೆ ಹತ್ತರಲ್ಲಿ ಹನ್ನೊಂದನೆಯವಳು. ಹೊಸ್ತಿಲು ದಾಟಿದ ಮೇಲೆ ಮಾತ್ರ ಅಪ್ಪ ಮಗಳು. ಆ ನಿಯಮ ಮಾಡಿದವನು ನೀನೇ. ಈ ಕಾಗದ ಸರ್‌ಗಲ್ಲ, ಅಪ್ಪನಿಗೆ. ಕನ್ನಡಕ ಹಾಕಿಕೊಂಡು, ಒಂದು ಕಡೆ ಕೂತು, ಕೊನೆಯವರೆಗೆ ಓದು. ನಡುವೆ ನಿನಗೆ ಕೋಪ ನೆತ್ತಿಗೇರುತ್ತದೆ, ಗೊತ್ತು. ಆದರೂ ಹರಿದು ಹಾಕಬೇಡ.

ನಿನ್ನ ಮೊಮ್ಮಗಳು ಚಿನಕುರಳಿ ಕ್ಷೇಮವಾಗಿದ್ದಾಳೆ. ಅವಳ ಕೈಯಲ್ಲಿ ಏಟು ತಿಂದ ಹುಡುಗಿ ಇನ್ನೂ ಗಂಜಿ ಕುಡಿಯುತ್ತಿದ್ದಾಳೆ.

ಮಂಗಳವಾರದ ಆ ಗಲಾಟೆಯನ್ನು ನಿನಗೆ ಫೋನಿನಲ್ಲಿ ಹೇಳಿದ್ದೆ, ಆದರೆ ಪೂರ್ತಿ ಹೇಳಿರಲಿಲ್ಲ. ಸ್ಕೂಲಿನ ನಲ್ಲಿಯ ಹತ್ತಿರ ಯಾರು ಮೊದಲು ನೀರು ಹಿಡಿಯಬೇಕು ಅಂತ ಶುರುವಾದ ಜಗಳ ಅದು. ಇವಳ ಮೊದಲ ಏಟಿಗೇ ಆ ಹುಡುಗಿಯ ಮುಂದಿನ ಎರಡು ಹಲ್ಲು ಹೋದವು. ಬಿದ್ದವಳ ಎದೆಯ ಮೇಲೆ ಕೂತು ಮತ್ತೆ ಹೊಡೆದಳಂತೆ, ಅವಸರವಿಲ್ಲದೆ, ಒಂದಾದ ಮೇಲೊಂದು. ತುಟಿ ಸೀಳಿ ನಾಲ್ಕು ಹೊಲಿಗೆ ಬಿದ್ದಿದೆ. ಸಾಕು ನಿಲ್ಲಿಸು ಅಂತ ಗಂಟಲು ಹರಿಯೋ ಹಾಗೆ ಕೂಗ್ಕೊಂಡೆ, ನಿಮ್ಮ ಮಗಳು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ಸ್ಕೂಲಿನ ಬಾಗಿಲ ಕಡೆ ನೋಡ್ತಾ ನೋಡ್ತಾ ಹೊಡೀತಿದ್ಲು ಅಂತ ಟೀಚರ್ ಹೇಳಿದರು.

ನಾನು ತಲೆ ತಗ್ಗಿಸಿ ಕ್ಷಮೆ ಕೇಳಿದೆ. ಒಳಗೊಳಗೇ ಹಿಗ್ಗಿದೆ. ಗಾಯ ನೋಡಿದರೆ ನನಗೆ ತಿಳಿಯದೇ? ಸೊಂಟ ತಿರುಗಿಸಿ ಹಾಕಿದ ಬಲಗೈ ಏಟು ಅದು. ನನಗೆ ಹನ್ನೊಂದಕ್ಕೆ ಬಂದದ್ದು ಇವಳಿಗೆ ಎಂಟಕ್ಕೇ ಬಂದಿದೆ! ದಾರಿಯುದ್ದಕ್ಕೂ ಬಾಯಿತುಂಬ ಬೈದು, ಮನೆ ಹತ್ತಿರ ಬಂದಾಗ ಐಸ್‌ಕ್ರೀಂ ಕೊಡಿಸಿದೆ. ನಿನಗೆ ಹೇಳಿದಾಗ ನೀನು ದವಡೆ ಲಟಕ್ಕೆನ್ನುವಂತೆ ನಕ್ಕು, ರಕ್ತದಲ್ಲೇ ಬಂದಿದೆ ಬಿಡು, ಮುಂದಿನ ಶನಿವಾರದ ಪಂದ್ಯದಲ್ಲಿ ಎದುರಿಗೆ ಬರೋಳ ಗತಿ ಅಷ್ಟೇ ಅಂದೆ. ನಾನೂ ನಕ್ಕಿದ್ದೆ.

ಶುಕ್ರವಾರ ನಮ್ಮ ಬಗ್ಗೆ ತೆಗೆದ ಚಿತ್ರ ನೋಡಿದೆ. ಎರಡು ವರ್ಷ ನಿನ್ನ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದಳಲ್ಲ ಆ ಗುಂಗುರು ಕೂದಲಿನ ಹೆಂಗಸು, ಜನರಿಗೆ ತೋರಿಸುವ ಮುಂಚೆ ನೀವೊಮ್ಮೆ ನೋಡಲೇಬೇಕು ಅಂತ ಕರೆದಿದ್ದಳು. ದರ್ಜಿ ಅಂಗಡಿಯ ಮೇಲಿನ ಚಿಕ್ಕ ಕೋಣೆ, ಕಿಟಕಿಗೆ ಹಳೆಯ ಕಂಬಳಿ, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು. ನನಗೆ ಒಳ್ಳೆಯ ಕುರ್ಚಿ ಕೊಟ್ಟು ಅವಳು ಸ್ಟೂಲಿನ ಮೇಲೆ ಕೂತಳು. ನಾನು ಸೀರೆ ಉಟ್ಟುಕೊಂಡು ಹೋಗಿದ್ದೆ. ನನ್ನ ಗೆಲುವಿನ ಚಿತ್ರ ತಾನೇ.

ಮೊದಲರ್ಧ ಎಲ್ಲ ನೀನೇ. ಸುತ್ತು ಮುಗಿಯುವ ಮೊದಲೇ ನೀನು ಸುಳ್ಳು ಗಂಟೆ ಬಾರಿಸುವುದು, ಗಂಟೆ ನಂಬಿ ಕೈ ಇಳಿಸಿದವರ ಹೊಟ್ಟೆಗೆ ಗುದ್ದುವುದು, ಸೀಟಿ ಊದಿದ ಮೇಲಷ್ಟೇ ನಿಲ್ಲಿಸಬೇಕು ಅಂತ ಗದರುವುದು. ಗಂಟೆ ಬೇರೆಯವರದು, ಸೀಟಿ ನಮ್ಮದು ಅಂತ ಗೋಡೆಯ ಮೇಲೆ ಬರೆಸಿದ್ದೀಯಲ್ಲ, ಅದನ್ನೂ ತೋರಿಸಿದ್ದಾಳೆ. ಇಪ್ಪತ್ತನೇ ವಯಸ್ಸಿನಲ್ಲಿ ಗಂಟೆ ಕೇಳಿ ಕೈ ಇಳಿಸಿದ ನಿನ್ನ ದವಡೆಯನ್ನು ಎದುರಾಳಿ ಎರಡು ತುಂಡು ಮಾಡಿದ ಕಥೆಯನ್ನು ನೀನು ಹೇಳುವಾಗ ನನಗೆ ಅಳು ಬಂತು. ಹತ್ತು ವರ್ಷದವಳಿದ್ದಾಗ ನಿನ್ನ ಗುದ್ದು ತಿಂದು ನಾನು ವಾಂತಿ ಮಾಡಿಕೊಂಡ ಮೂಲೆಯೂ ಕಂಡಿತು. ಅಲ್ಲಿ ಈಗ ಹೊಸ ರಬ್ಬರ್ ಹಾಸಿದ್ದೀಯ.

ಆಮೇಲೆ ನನ್ನ ಫೈನಲ್ ಬಂತು.

ನಮ್ಮ ಮನೆಯ ರೆಕಾರ್ಡಿಂಗು ಕೊನೆಯ ಗಂಟೆಗೇ ನಿಂತುಹೋಗುತ್ತದೆ. ಬಂದ ನೆಂಟರಿಗೆಲ್ಲ ಹನ್ನೆರಡು ವರ್ಷದಿಂದ ಅದನ್ನೇ ತೋರಿಸಿದ್ದೇವೆ. ಇದು ಅದಲ್ಲ. ನನ್ನ ಎದುರಾಳಿ ಎಡಚಿಯ ಅಣ್ಣ ಅವಳ ಮೂಲೆಯ ಹಿಂದೆ ನಿಂತು ತೆಗೆದದ್ದು. ಎಡಗೈ ಏಟಿಗೆ ಹೆಸರಾದವಳು ಅಂತ ನಾವು ತಾನೇ ಅವಳಿಗೆ ಎಡಚಿ ಅಂತ ಹೆಸರಿಟ್ಟದ್ದು?

ಅದರಲ್ಲಿ ಗಂಟೆ ಸ್ಪಷ್ಟವಾಗಿ ಕೇಳಿಸುತ್ತದೆ. ಎಡಚಿಯ ಮೂಗು ಅಷ್ಟರಲ್ಲೇ ಮುರಿದಿದೆ, ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿದೆ. ಆದರೂ ಎರಡೂ ಕೈ ಇಳಿಸಿ ತನ್ನ ಮೂಲೆಯ ಕಡೆ, ಅಂದರೆ ಕ್ಯಾಮೆರಾ ಕಡೆ, ಅಣ್ಣನನ್ನು ನೋಡಿ ನಗುತ್ತಾ ಬರುತ್ತಾಳೆ. ಹಲ್ಲು ಕಾಯುವ ಬಾಯಿಯ ರಬ್ಬರ್ ಅರ್ಧ ಹೊರಗೆ ಬಂದಿದೆ. ಹಿಂದಿನಿಂದ ನಾನು ಬಂದು ಅವಳ ಕಣತಲೆಗೆ ಹೊಡೆಯುತ್ತೇನೆ. ಅವಳ ಮುಖದ ಮೇಲಿನ ನಗು ಹಾಗೇ ಉಳಿದು ಕಣ್ಣು ಮಾತ್ರ ಖಾಲಿಯಾಗುತ್ತದೆ. ತೋಳು ಹಗ್ಗಕ್ಕೆ ಸಿಕ್ಕಿಕೊಂಡು ಅವಳಿಗೆ ಬೀಳಲೂ ಆಗುವುದಿಲ್ಲ. ಎರಡನೆಯದು ಕಿವಿಯ ಮೇಲೆ. ಮೂರನೆಯದು ಕಿವಿಯ ಮೇಲೆ. ರೆಫರಿ ನನ್ನ ಸೊಂಟ ಹಿಡಿದು ಎಳೆಯುತ್ತಿರುವಾಗ ನಾಲ್ಕನೆಯದು. ಅವಳ ತಲೆ ರಿಂಗಿನ ಮೂಲೆಗಂಬದ ಕಬ್ಬಿಣಕ್ಕೆ ಬಡಿಯುವ ಸದ್ದು ಕೂಡ ಇದೆ. ಎಲ್ಲ ಸೇರಿ ಹನ್ನೊಂದು ಸೆಕೆಂಡು.

ನನ್ನ ಹಿಂದೆ, ಎದುರು ಮೂಲೆಯಲ್ಲಿ ನೀನಿದ್ದೀಯ. ಸೀಟಿ ನಿನ್ನ ಹಲ್ಲಿನ ನಡುವೆ ಇದೆ. ಮೊದಲ ಏಟಿಗೂ ಎರಡನೆಯದಕ್ಕೂ ನಡುವೆ ನೀನು ಅದನ್ನು ಎರಡು ಬೆರಳಿನಿಂದ ತೆಗೆದು ಮುಷ್ಟಿಯೊಳಗೆ ಇಟ್ಟುಕೊಳ್ಳುತ್ತೀಯ. ಅದು ಬಿದ್ದುಹೋಗಲಿಲ್ಲ ಅಪ್ಪ. ನೀನೇ ತೆಗೆದೆ.

ತನಿಖೆಯವರ ಮುಂದೆ ನಾನು, ಜನರ ಗದ್ದಲದಲ್ಲಿ ಗಂಟೆ ಕೇಳಿಸಲಿಲ್ಲ ಅಂದೆ. ನೀನು, ನಾನು ಸೀಟಿ ಊದಿದೆ, ಪಾಪ ಅದೂ ಅವಳಿಗೆ ಕೇಳಿಸಿರಲಿಕ್ಕಿಲ್ಲ ಅಂದೆ. ಅವರು ನಂಬಿದರು, ಕಪ್ ನಮ್ಮಲ್ಲೇ ಉಳಿಯಿತು. ನನ್ನ ಹಾಳು ಕಿವಿಗೆ ನಿನ್ನ ಸೀಟಿ ಕೂಡ ಕೇಳಲಿಲ್ಲವಲ್ಲ ಅಂತ ನಾನು ಎಷ್ಟು ವರ್ಷ ನನ್ನನ್ನೇ ಶಪಿಸಿಕೊಂಡಿದ್ದೇನೆ, ಗೊತ್ತಾ ನಿನಗೆ? ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದೆ. ನೀನೇ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದೆ.

ಚಿತ್ರದಲ್ಲಿ ಎಡಚಿಯ ಈಗಿನ ಮನೆಯೂ ಇದೆ. ತಲೆಯ ಆಪರೇಷನ್ ಆದಮೇಲೆ ಅವಳ ಎಡಗೈ ಸತ್ತೇ ಹೋಗಿದೆ. ನಿಮ್ಮ ಪ್ರಕಾರ ಗೆಲುವು ಅಂದ್ರೇನು ಅಂತ ಆ ಹೆಂಗಸು ಕೇಳಿದ್ದಕ್ಕೆ, ಇವತ್ತು ಗಂಡ ಏಳೋ ಮುಂಚೆ ಏಳೂ ಗುಂಡಿ ನಾನೇ ಹಾಕ್ಕೊಂಡೆ, ನೋಡಿ ಬೇಕಾದ್ರೆ ಅಂತ ಎದೆಯುಬ್ಬಿಸಿ ಅಂಗಿ ತೋರಿಸುತ್ತಾಳೆ. ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿದೆ. ಅದು ಅವಳಿಗೆ ಗೊತ್ತಿಲ್ಲ. ಕಪ್ ಎತ್ತಿದ ದಿನ ನಾನು ಅಷ್ಟು ಖುಷಿಯಾಗಿರಲಿಲ್ಲ ಅಪ್ಪ. ಆ ಏಟುಗಳ ಬಗ್ಗೆ ಯಾರಾದರೂ ಕೇಳಿಬಿಟ್ಟರೆ ಅನ್ನುವ ಭಯವೇ ಇತ್ತು. ಆ ಕಪ್ ತೋರಿಸಿ ಶಾಲೆಯಲ್ಲಿ ಆಟ ಕಲಿಸುವ ಕೆಲಸ ಹಿಡಿದೆ, ಅದನ್ನು ನೋಡಿಯೇ ನನ್ನ ಗಂಡನ ಮನೆಯವರು ಒಪ್ಪಿದರು. ಹನ್ನೆರಡು ವರ್ಷ ನಾನು ಉಂಡದ್ದು ಉಟ್ಟದ್ದು ಎಲ್ಲ ಅವಳ ಎಡಗೈ.

ನಾನು ಮನೆಗೆ ಬಂದು ಚಿನಕುರಳಿಯನ್ನು ಮುಂದೆ ಕೂರಿಸಿಕೊಂಡು, ಅವತ್ತು ಬಾಗಿಲ ಕಡೆ ಯಾಕೆ ನೋಡ್ತಿದ್ದೆ ಅಂತ ಕೇಳಿದೆ. ಅವಳು, ನೀನೋ ತಾತನೋ ಬಂದು ಸೀಟಿ ಊದ್ತೀರೇನೋ ಅಂತ, ಟೀಚರ್ ಕೂಗೋದು ಗಂಟೆ ಇದ್ದ ಹಾಗೆ ತಾನೇ ಅಮ್ಮ ಅಂದಳು. ನನ್ನ ಕೈಗೂ ನೋವಾಗ್ತಿತ್ತು, ನೀವು ಬರಲೇ ಇಲ್ಲ ಅಂತಲೂ ಅಂದಳು. ನಾನು ಅವಳಿಗೆ ಐಸ್‌ಕ್ರೀಂ ಕೊಡಿಸಿದ್ದೆ.

ಬರುವ ಶನಿವಾರದ ಪಂದ್ಯಕ್ಕೆ ಅವಳು ಬರುವುದಿಲ್ಲ. ಇನ್ನು ಜಿಮ್ಮಿಗೂ ಬರುವುದಿಲ್ಲ. ತಾತನಾಗಿ ನಮ್ಮ ಮನೆಗೆ ಯಾವಾಗ ಬೇಕಾದರೂ ಬಾ, ಸೀಟಿಯನ್ನು ಅಲ್ಲೇ ಬಿಟ್ಟು ಬಾ. ಆ ಹನ್ನೊಂದು ಸೆಕೆಂಡನ್ನು ಕತ್ತರಿಸಿಹಾಕಿ, ಜನಕ್ಕೆ ಬೇಜಾರಾಗುತ್ತೆ ಅಂತ ನೀನು ಆ ಹೆಂಗಸಿಗೆ ಹೇಳಿದ್ದೆಯಂತೆ. ಹೊಡೆದ ಕೈ ನಿಮ್ಮದು, ನೀವು ಹೇಳಿದ ಹಾಗೆ ಮಾಡ್ತೀನಿ ಅಂತ ಅವಳು ನನ್ನನ್ನು ಕೇಳಿದಳು. ಇರಲಿ ಅಂತ ಸಹಿ ಹಾಕಿಕೊಟ್ಟಿದ್ದೇನೆ. ಸುದ್ದಿಯಾಗುತ್ತದೆ, ನನ್ನ ಕೆಲಸ ಹೋದರೂ ಹೋಗಬಹುದು. ಜನರಿಗೆ ಚಿತ್ರ ತೋರಿಸುವ ದಿನ ನಿನ್ನ ಜೊತೆ ವೇದಿಕೆ ಹತ್ತಿ ಕಪ್ ಎತ್ತಿ ತೋರಿಸಲು ನನ್ನಿಂದಾಗದು. ಎಡಚಿ ಬರುತ್ತಾಳಂತೆ. ನಾನು ಕೆಳಗೆ, ಅವಳ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನನ್ನ ಪಕ್ಕದ ಕುರ್ಚಿ ನಿನಗೆ ಇಟ್ಟಿರುತ್ತೇನೆ. ಬಂದರೆ ಬಾ.

ದವಡೆ ನೋವಿನ ಮಾತ್ರೆ ಮರೆಯಬೇಡ.

ಇಂತಿ,
ನಿನ್ನ ಮಗಳು

ತಾ.ಕ.: ಎಲ್ಲವನ್ನೂ ನಿನ್ನ ತಲೆಗೇ ಕಟ್ಟಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿ ಇಷ್ಟು ಬರೆಯುತ್ತಿದ್ದೇನೆ. ಆ ಹನ್ನೊಂದು ಸೆಕೆಂಡಿನ ಶುರುವನ್ನು ನಾನು ಆ ಕ್ಯಾಮೆರಾ ಹೆಂಗಸಿನ ಕೈಯಲ್ಲಿ ಆರು ಸಲ ಹಾಕಿಸಿಕೊಂಡು ನೋಡಿದೆ. ಗಂಟೆ ಹೊಡೆದ ಕೂಡಲೇ ನನ್ನ ಎರಡೂ ಕೈ ಕೆಳಗಿಳಿಯುತ್ತವೆ. ಹತ್ತನೇ ವಯಸ್ಸಿನಿಂದ ನೀನು ಗುದ್ದಿ ಗುದ್ದಿ ಕಲಿಸಿದ್ದು ಅವತ್ತು ಕೆಲಸ ಮಾಡಲಿಲ್ಲ. ಗಂಟೆ ನನಗೆ ಕೇಳಿಸಿತ್ತು ಅಪ್ಪ. ಎಡಚಿ ನಗುತ್ತಾ ಹೋಗುವುದನ್ನು ನೋಡಿ, ಇಳಿದ ಕೈಯನ್ನು ಮತ್ತೆ ಎತ್ತಿದವಳು ನಾನೇ.