ಹಾಯಿ ಹೊಲಿದವನ ಸಮುದ್ರಯಾನ

೧೦-೨-೧೯೮೦, ರವಿವಾರ. ಬೆಳಗಾವಿ

ಲಾರಿಯ ತಾಡಪತ್ರಿ ಇನ್ನೂ ಅರ್ಧ ಉಳಿದಿದೆ. ಬೆಳಿಗ್ಗೆಯಿಂದ ಎರಡು ಸೂಜಿ ಮುರಿದವು. ಸೂಜಿಯ ತಪ್ಪು, ನನ್ನ ಕೈಯದಲ್ಲ. ಇಡೀ ಖಡೇಬಜಾರದಲ್ಲಿ ಈ ಜಮಾಲಸಾಬನಂತೆ ಅಂಚು ಹೊಲಿಯುವ ಇನ್ನೊಬ್ಬನನ್ನು ತೋರಿಸಲಿ, ಮೀಸೆ ಬೋಳಿಸುತ್ತೇನೆ.

ಮಧ್ಯಾಹ್ನ ಖಾನಾಪುರದಿಂದ ತಂಗಿ ರಾಜಬೀ ಬಂದಳು. ಮಗಳು ಬಿಲ್ಕೀಸ ಜೊತೆಗೆ. ಕೈಯಲ್ಲಿ ಹಜ್ ಯಾತ್ರೆಯ ಫಾರ್ಮು. ಗಂಡ ತೀರಿ ಆರು ವರ್ಷ. ಹೆಂಗಸು ಒಬ್ಬಳೇ ಹೋಗುವಂತಿಲ್ಲ. ಅಣ್ಣನೋ ಮಗನೋ ಜೊತೆಗಿರಬೇಕು. ಮಗನಿಲ್ಲ. ಇರುವ ಅಣ್ಣ ನಾನೊಬ್ಬ.

"ಜಹಾಜ ಅಂದ್ರ ಎದಿ ಝಲ್ ಅಂತೈತಿ ಭಾಯ್. ನೀ ಬಾಜೂಕ ಇದ್ರ ಏನ್ ಹೆದರಿಕಿ? ಮೂರ ವರ್ಷ ದರ್ಯಾದಾಗ ತಿರಗ್ಯಾಡಿದಾಂವ."

ಮೀಸೆ ತಿರುವಿದೆ. "ಬಸರಾತನಕಾ ಹೋಗಿ ಬಂದೇನಿ. ತೆರಿ ಅಂದ್ರ ನನಗ ಮನಿ ಎತ್ತ ಇದ್ದಾಂಗ. ಕಿವಿ ಹಿಡದ ತಿರಗಸ್ತಿದ್ನಿ."

"ಮಾಮು, ಹೋದ ಸಲ ಮಸ್ಕತತನಕಾ ಅಂದಿದ್ರಿ," ಎಂದಳು ಬಿಲ್ಕೀಸ.

"ಮಸ್ಕತ ದಾರ್ಯಾಗ ಹತ್ತತೈತಿ, ಹುಚ್ಚಿ."

ಸಹಿ ಹಾಕಿದೆ. ಸೊಗಸಾದ ಸಹಿ.

ಇಲ್ಲಾದರೂ ಖರೆ ಬರೆಯೋಣ. ಮನೆಯಲ್ಲಿ ಓದುಬರಹ ಉರ್ದು, ಈ ಕನ್ನಡ ಅಕ್ಷರ ಚಿಕ್ಕಂದಿನ ಹಲಸಿ ಶಾಲೆಯ ಪುಣ್ಯ. ನಮ್ಮಲ್ಲಿ ಈ ವಹಿ ಓದುವವರಿಲ್ಲ. ವೆಂಗುರ್ಲಾ ಬಂದರದಲ್ಲಿ ಮೂರು ವರ್ಷ ಇದ್ದದ್ದು ಖರೆ. ಹಡಗಿನ ಮೇಲಲ್ಲ. ದಂಡೆಯಲ್ಲಿ, ಚಪ್ಪರದ ಕೆಳಗೆ ಕೂತು ಹಾಯಿ ಹೊಲಿಯುತ್ತಿದ್ದೆ. ಒಂದೇ ಸಲ ಹತ್ತಿದ್ದೆ. ಲಂಗರು ಎತ್ತುವ ಮೊದಲೇ ವಾಂತಿ. ಖಲಾಸಿಗಳು ಮೂಟೆಯಂತೆ ಎತ್ತಿ ಉಸುಕಿನ ಮೇಲೆ ಇಟ್ಟು ಹೋದರು. ಅವರ ನಗು ಇನ್ನೂ ಕಿವಿಯಲ್ಲಿದೆ.

ಆ ಮೂರೂ ವರ್ಷ, ಭಾದ್ರಪದದ ಗುರುವಾರಗಳಲ್ಲಿ, ರಾಜಬೀ ಮಲಪ್ರಭೆಗೆ ಹೋಗಿ ಬಾಳೆದಿಂಡಿನ ಪುಟ್ಟ ದೋಣಿಯಲ್ಲಿ ದೀಪವಿಟ್ಟು ತೇಲಿಬಿಟ್ಟಳಂತೆ. ನೀರು ಕಾಯುವ ಖ್ವಾಜಾ ಖಿಜರರ ಹೆಸರಿನಲ್ಲಿ. ನೀರಿನ ಮೇಲಿರುವ ಅಣ್ಣನನ್ನು ಕಾಯಲಿ ಅಂತ.

ಅಣ್ಣ ದಂಡೆಯಲ್ಲಿ ಬಾಂಗಡೆ ಮೀನು ತಿನ್ನುತ್ತಿದ್ದ.

೩೦-೩-೧೯೮೦, ರವಿವಾರ

ಹಜ್‌ಗೆ ಚೀಟಿ ಎತ್ತಿದಾಗ ನಮ್ಮ ಹೆಸರು ಬಂದಿದೆ! ನೂರಾರು ಮಂದಿಯಲ್ಲಿ ನಮ್ಮದೇ ಬರಬೇಕೆ...

ರಾಜಬೀ ಕುಣಿಯುವುದೊಂದು ಬಾಕಿ. ಹುಟ್ಟಿದಾಗಿನಿಂದ ದೋಣಿ ಹತ್ತಿದವಳಲ್ಲ. "ನೀರಿನ ರೂಢಿ ಮಾಡಸು ಭಾಯ್" ಎಂದು ಹಟ. ಕೋಟೆ ಕೆರೆಗೆ ಕರೆದೊಯ್ದೆ. ಅಂತರಗಂಗೆ ಕೀಳುವವರ ದೋಣಿ ಕೇಳಿಕೊಂಡು ಅಂಗಡಿಯ ಒಂದು ತುಂಡು ತಾಡಪತ್ರಿಯನ್ನು ಹಾಯಿ ಮಾಡಿ ಕಟ್ಟಿದೆ. ಹೊಲಿಗೆ ನೋಡಲು ದಂಡೆಯಲ್ಲಿ ಹತ್ತು ಜನ ನಿಂತರು.

ಗಾಳಿಯಿತ್ತು. ನೀರೇ ಕಾಣಲಿಲ್ಲ. ಎಲ್ಲ ಕಡೆ ಆ ಹಸಿರು ಎಲೆ, ಹೊಲದಲ್ಲಿ ದೋಣಿ ನಿಲ್ಲಿಸಿದ ಹಾಗೆ. ಮುಂದೂ ಇಲ್ಲ, ಹಿಂದೂ ಇಲ್ಲ. ನಿಂತಲ್ಲೇ ತೊಟ್ಟಿಲು ತೂಗಿದಂತೆ ತೂಗಿತು. ನನ್ನ ಹೊಟ್ಟೆ ಬಾಯಿಗೆ ಬಂತು. ಬಂದೇಬಿಟ್ಟಿತು.

ರಾಜಬೀ ಬೆನ್ನು ನೀವಿದಳು. ಅವಳಿಗೆ ಏನೂ ಆಗಿರಲಿಲ್ಲ.

"ಮುಂಜಾನಿ ಮೀನ ಸರಿ ಇರಲಿಲ್ಲ," ಎಂದೆ.

"ಹೌದ ಬಿಡು. ಮೀನ ಇರಬೇಕ," ಎಂದು ನಕ್ಕಳು.

ಹಾಯಿ ಕಟ್ಟಬಾರದ ಜಾಗಗಳಲ್ಲಿ ಇದು ಒಂದನೆಯದು. ಕೆರೆಯ ದೋಷ.

೧೧-೫-೧೯೮೦, ರವಿವಾರ

ಎರಡನೆಯದು: ಕಾಕತಿ ಕಡೆಯ ಹಳೇ ಕಲ್ಲಿನ ಖಣಿ. ನೀರು ತುಂಬಿ ನಿಂತಿದೆ. ಅಲ್ಲೇ ಎಮ್ಮೆ ಕಾಯುವ ಭರಮಣ್ಣನ ತೆಪ್ಪ, ನಾಲ್ಕು ಡ್ರಮ್ಮಿನ ಮೇಲೆ ಹಳೇ ಬಾಗಿಲು. ಸುತ್ತ ಬಂಡೆಯ ಗೋಡೆ. ಗಾಳಿ ಒಳಗೆ ಬಂದು ದಾರಿ ಕಾಣದೆ ಸುತ್ತುತ್ತದೆ, ತೆಪ್ಪವೂ ಸುತ್ತುತ್ತದೆ. ಗಾಣದೆತ್ತಿನ ಯೋಗ. ಎಮ್ಮೆಗಳು ಮೂಗು ಮೇಲೆ ಮಾಡಿ ನಮ್ಮನ್ನೇ ನೋಡುತ್ತಿದ್ದವು.

ಮೇಲಿನಿಂದ ಭರಮಣ್ಣ ಕೂಗಿದ: "ಜಮಾಲಸಾಬ್ರ, ಬಸರಾ ಬಂತೇನ್ರಿ?"

"ಎಮ್ಮಿ ಅಡ್ಡ ಬಂದಾವು, ಸರಸೋ!"

ರಾಜಬೀ ಶೇಂಗಾ ಸುಲಿದು ತಿನ್ನುತ್ತ ನಗುತ್ತಿದ್ದಳು. ಹೆದರಿಕೆ ಪೂರ್ತಿ ಹೋಗಿದೆ. "ಇಷ್ಟ ಏನ್ ಭಾಯ್ ದರ್ಯಾ? ಛಂದ ಐತಲ್ಲ!" ನಾನು ಕಣ್ಣು ಮುಚ್ಚಿ ಹಗ್ಗ ಹಿಡಿದಿದ್ದೆ. ಗಾಳಿ ಅಳೆಯಾಕತ್ತೇನಿ ಅಂತ ಹೇಳಿದೆ.

ಇದು ಖಣಿ. ಜಹಾಜಿನದು ಎಂಟು ದಿನದ ನೀರು. ವಾಂತಿ ಮಾಡುವುದು ಸಾವಿರ ಜನರ ಎದುರು.

೧೭-೮-೧೯೮೦, ರವಿವಾರ. ಖಾನಾಪುರ

ಜಹಾಜು ಸೆಪ್ಟೆಂಬರ್ ಎರಡಕ್ಕೆ ಮುಂಬಯಿಯಿಂದ.

ರಾಜಬೀ ಮನೆಮನೆಗೆ ಹೋಗಿ ಮಾಫಿ ಕೇಳುತ್ತಿದ್ದಾಳೆ. ಹಜ್‌ಗೆ ಹೊರಟವರ ಪದ್ಧತಿ. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಮದರಬೀಯ ಬಾಗಿಲಿಗೂ ಹೋಗಿ ಬಂದಳಂತೆ. ಕೊನೆಗೆ ನನ್ನೆದುರು ಕೂತಳು. ಸೆರಗು ಸರಿ ಮಾಡಿಕೊಂಡಳು.

"ಅಂದದ್ದು ಆಡಿದ್ದು ಮಾಫ ಮಾಡು ಭಾಯ್."

"ಮಾಫ, ಮಾಫ. ಸಣ್ಣಾಕಿದ್ದಾಗ ನನ್ನ ಗಾಳಿಪಟಾ ಹರದಿದ್ದೊಂದ ಬಿಟ್ಟ."

ನಕ್ಕಳು. ಆಮೇಲೆ ನನ್ನ ಮುಖ ನೋಡುತ್ತ ಕಾದಳು. ತಿರುಗಿ ನಾನೂ ಕೇಳಬೇಕು, ಅದೇ ರೀತಿ. ಚಹಾ ಕೇಳಿದೆ.

ಟ್ರಂಕು ಕಟ್ಟಿಯಾಗಿದೆ. ಮೇಲೆಯೇ ಉಪ್ಪು ಹಾಕಿದ ಲಿಂಬೆಕಾಯಿಯ ಭರಣಿ, ಒಂದಲ್ಲ, ಎರಡು. ಬಾಜೂಕೆ ಒಂದು ಹೊಸ ಬಕೆಟ್.

"ಇಷ್ಟ್ಯಾಕ? ಮತ್ತ ಹೆದರಿಕಿ ಹತ್ತೇತೇನ?" ಎಂದು ಕಾಡಿಸಿದೆ.

"ಇರಲಿ ಭಾಯ್. ಬೇಕಾಗತಾವು."

೨೦-೮-೧೯೮೦, ಬುಧವಾರ. ಬೆಳಗಾವಿ

ನಿಚ್ಚಣಿಕೆಯಿಂದ ಬಿದ್ದೆ. ಅಂದರೆ—ಎರಡನೇ ಮೆಟ್ಟಿಲಿಂದ ಇಳಿದು, ನೆಲದ ಮೇಲೆ ಕೂತು, ಕೂಗಿದೆ.

ಎಲುಬು ಕೂಡಿಸುವ ಉಳವಪ್ಪ ನನ್ನ ಗೆಳೆಯ. ಕಾಲು ಒತ್ತಿ ನೋಡಿದ. ಎಲ್ಲರನ್ನೂ ಹೊರಗೆ ಕಳಿಸಿದ.

"ಕಾಲ ಮುರದಿಲ್ಲೋ ಜಮಾಲ. ಮ್ಯಾಲೆ ಎಲ್ಲೋ ಮುರದೈತಿ."

"ಕಟ್ಟೋ, ಕೈ ಮುಗೀತೇನಿ."

"ಪಾಪ, ರಾಜಬೀ ಹಜ್ಜದ ಗತಿ ಏನೋ?"

"ಮುಂದಿನ ವರ್ಷ ಕರಕೊಂಡ ಹೋಗತೇನಿ. ಕಟ್ಟು."

ಬಿದಿರ ಚಕ್ಕೆ ಇಟ್ಟು ಕಟ್ಟಿದ. ಹೋಗುವಾಗ ಚಹಾ ಕುಡಿಯಲಿಲ್ಲ.

೨-೯-೧೯೮೦, ಮಂಗಳವಾರ

ಇವತ್ತು ಜಹಾಜು ಬಿಟ್ಟಿರಬೇಕು.

ಒಂದೇ ಫಾರ್ಮಿನಲ್ಲಿ ಎರಡು ಹೆಸರು. ನನ್ನದು ಹೋದ ಮೇಲೆ ಅವಳದೂ ಹೋಯಿತು. ಹತ್ತು ದಿನದಿಂದ ಇಲ್ಲೇ ಇದ್ದಾಳೆ. ಅಳಲಿಲ್ಲ. ಕಟ್ಟಿನಿಂದ ಹೊರಗಿರುವ ನನ್ನ ಕಾಲ್ಬೆರಳುಗಳಿಗೆ ಎಣ್ಣೆ ಕಾಸಿ ಹಚ್ಚುತ್ತಾಳೆ. ಗಟ್ಟಿಯಾದ, ನೋವಿಲ್ಲದ ಬೆರಳುಗಳಿಗೆ.

ಮಧ್ಯಾಹ್ನ ಒಮ್ಮೆ ಕೈ ನಿಲ್ಲಿಸಿದಳು. "ಈಗ ದಂಡಿ ಕಾಣವಲ್ದು ಅನಸ್ತೈತಿ, ಹೌದಲ್ಲ?" ಎಂದಳು. ಸಮುದ್ರ ಬಲ್ಲವನಿಗೆ ಕೇಳುವ ಹಾಗೆ.

ಹೌದು ಎಂದೆ. ಮತ್ತೆ ಎಣ್ಣೆ ಹಚ್ಚತೊಡಗಿದಳು.

೯-೯-೧೯೮೨, ಗುರುವಾರ. ಖಾನಾಪುರ

ಎರಡು ವರ್ಷ ಈ ವಹಿ ಮುಟ್ಟಿರಲಿಲ್ಲ. ಬರೆಯುವಂಥದು ಏನಿತ್ತು? ಹೋದ ವರ್ಷ ಚೀಟಿ ಏಳಲಿಲ್ಲ. ಬಿಲ್ಕೀಸಳ ಲಗ್ನಕ್ಕೆ ರಾಜಬೀ ಕೂಡಿಟ್ಟದ್ದು ಹೋಯಿತು. ಅಳಿಯ ಹಿದಾಯತುಲ್ಲಾ ಒಳ್ಳೆಯವನು, ಹಜ್‌ಗೆ ನಾನು ಕರಕೊಂಡ ಹೋಗತೇನಿ ಅಂದ. ಅಷ್ಟರಲ್ಲಿ ರಾಜಬೀಗೆ ದಮ್ಮು. ಡಾಕ್ಟರು, ಪ್ರವಾಸ ಬೇಡವೇ ಬೇಡ ಅಂದುಬಿಟ್ಟರು.

"ಹೊಳ್ಯಾಗರ ಒಮ್ಮಿ ದೋಣ್ಯಾಗ ಕೂಡಸು ಭಾಯ್" ಎಂದಳು.

ಹೊಸ ಬಟ್ಟೆ ತಂದು ಎಂಟು ದಿನ ಕೂತು ಹೊಲಿದೆ. ಅಂಚಿಗೆ ಹಗ್ಗ ಸೇರಿಸಿ, ಮೂಲೆಗೆ ಚರ್ಮ ಕೊಟ್ಟು, ಹಡಗು ನಡೆಸುವ ವೆಂಗುರ್ಲಾದ ನಾಖವಾಗಳು ಸಹ ತಪ್ಪು ತೆಗೆಯುವಂತಿಲ್ಲ, ಅಂಥ ಹಾಯಿ. ನನ್ನ ಜನ್ಮದ ಹಾಯಿ. ಮಲಪ್ರಭೆಯಲ್ಲಿ ಸಿಕ್ಕದ್ದು ಅಂಬಿಗ ಗುರುಸಿದ್ದನ ಹರಗೋಲು. ದುಂಡಗಿನ ಬುಟ್ಟಿಗೆ ಹಾಯಿ ಕಟ್ಟಿದರೆ ಏನಾಗುತ್ತದೆ? ಬುಗುರಿ ಆಗುತ್ತದೆ. ಮೂರನೆಯ ಜಾಗ.

"ಸಾಬ್ರ, ಹಾಯಿ ಬಿಚ್ಚರಿ, ನನ್ನ ತಲಿ ತಿರಗಾಕತ್ತೈತಿ!" ಗುರುಸಿದ್ದ ಹುಟ್ಟು ಬಿಟ್ಟು ಕೂತ.

ರಾಜಬೀ ಕೆಮ್ಮು ಬರುವತನಕ ನಕ್ಕಳು. ಬಾಳೆದಿಂಡಿನ ದೋಣಿ, ದೀಪ—ತನ್ನ ಕೈಯಿಂದ ನಡುನೀರಿನಲ್ಲಿ ಬಿಟ್ಟಳು. ಅದು ಮಾತ್ರ ನೆಟ್ಟಗೆ ಹೋಯಿತು.

ನನ್ನ ಮುಖ ನೋಡಿ ಸೆರಗಿನ ಗಂಟು ಬಿಚ್ಚಿದಳು. ಲಿಂಬೆಕಾಯಿ. ಕಪ್ಪಾಗಿದೆ, ಎರಡು ವರ್ಷದ್ದು.

"ಬಾಯಾಗ ಇಟಗೋ. ಜಹಾಜಿಗಂತ ಹಾಕಿದ್ದು, ನಿನಗ."

"ನನಗ?"

"ಮತ್ಯಾರಿಗೆ? ಕೋಟಿ ಕೆರ್ಯಾಗ ನಿಂತ ನೀರಿಗೆ ಅಷ್ಟ ಆತು. ಎಂಟ ದಿನ ಹ್ಯಾಂಗ ಮಾಡಾಂವ ಅಂತ ನನಗ ಅದ ಚಿಂತಿ. ಬಕೀಟ ನಾ ಹಿಡೀತಿದ್ನಿ, ಬಿಡು."

"ಅಂದ್ರ... ಬಸರಾ..."

"ಬಸರಾನೂ ಇಲ್ಲ, ಮಸ್ಕತನೂ ಇಲ್ಲ. ಗೊತ್ತಿಲ್ಲೇನ ನನಗ? ಬಾಜೂಕ ನೀ ಇದ್ರ ನಗಕೋಂತ ಹೋಗಬಹುದಿತ್ತು, ಅಷ್ಟ." ನೀರಿನಲ್ಲಿ ಕೈ ಅದ್ದಿದಳು. "ಏನ್ ಮಾಡಾಕಾಗತೈತಿ. ಹೊತ್ತಿಗೆ ಸರಿಯಾಗಿ ನಿನ್ನ ಕಾಲ ಮುರೀತು. ಅಲ್ಲಾನ ಮರ್ಜಿ."

ಎಲ್ಲ ಗೊತ್ತಿದೆ. ಅದೊಂದು ಗೊತ್ತಿಲ್ಲ.

ಲಿಂಬೆಕಾಯಿ ಬಾಯಲ್ಲಿತ್ತು. ಮಾತಾಡದಿರಲು ಅದೇ ನೆಪವಾಯಿತು.

೧೧-೨-೧೯೮೩, ಶುಕ್ರವಾರ. ಬೆಳಗಾವಿ ಸ್ಟೇಶನ್, ಬೆಳಿಗ್ಗೆ ೭

ಗಾಡಿ ಲೇಟು.

ನಿನ್ನೆ ಹಿದಾಯತುಲ್ಲಾ ಬಾಜೂ ಅಂಗಡಿಯ ಫೋನಿಗೆ ಮಾಡಿದ್ದ. "ಅಮ್ಮಾಗ ಉಸರ ಭಾಳ ಆಗೇತಿ ಮಾಮು. ನೋಡಾಕ ಬಂದಾವರಿಗೆಲ್ಲಾ ಮಾಫಿ ಕೇಳಾಕತ್ತಾರ. ನೀವ ಯಾವಾಗ ಬರತೀರಿ ಅಂತ ಹತ್ತ ಸಲ ಕೇಳ್ಯಾರು."

ಕೆರೆ, ಖಣಿ, ಹೊಳೆ. ಅವುಗಳ ದೋಷ ಬರೆದಿಟ್ಟವನು ನಾನೇ. ಅಂತರಗಂಗೆ, ಎಮ್ಮೆ, ದುಂಡು ಬುಟ್ಟಿ. ಅವಳು ಮೂರೂ ಕಡೆ ನಕ್ಕಿದ್ದಳು. ಕೆಟ್ಟ ಜಾಗ ಅವಲ್ಲ. ಬಿದಿರ ಚಕ್ಕೆ ಕಟ್ಟಿಕೊಂಡು ನಾನು ಮಲಗಿದ ಮಂಚ. ಅಲ್ಲಿ ಅವಳು ನಗಲಿಲ್ಲ.

ಹೋದ ಕೂಡಲೇ ಅವಳು ಕೇಳುತ್ತಾಳೆ, ಅಂದದ್ದು ಆಡಿದ್ದು ಮಾಫ ಮಾಡು ಅಂತ. ಈ ಸಲ ಚಹಾ ಕೇಳಬಾರದು. ಗಾಳಿಪಟದ ಮಾತು ತೆಗೆಯಬಾರದು. ಎದುರಿಗೆ ಕೂತರೆ ನನ್ನ ನಾಲಿಗೆ ಏನು ಮಾಡುತ್ತದೋ ಗೊತ್ತು. ಅದಕ್ಕೇ ನಾನು ಕೇಳಬೇಕಾದ ಮಾಫಿಯನ್ನು ಇಲ್ಲಿ ಬರೆದು, ಹಲಸಿ ಶಾಲೆಯಲ್ಲಿ ಮಗ್ಗಿ ಮಾಡಿದಂತೆ ಬಾಯಿಪಾಠ ಮಾಡಿಕೊಳ್ಳುತ್ತೇನೆ. ಖಾನಾಪುರ ಬರುವತನಕ ಸಾಕಷ್ಟು ಹೊತ್ತಿದೆ.

ಗಾಡಿ ಬಂತು. ಬೇಗ ಬರೆಯಬೇಕು.

ರಾಜೂ, ಆ ವರ್ಷ ನನ್ನ ಕಾಲು